‘ಇವ್ರಿಗೆ ಅಷ್ಟು ಸಾಕು’: ಪಂಚಮ ಶಾಲೆಯಿಂದ ಪೈಥಾನ್ ತನಕ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ಪರಿಚಯದವರೊಬ್ರು ಸಿಕ್ಕಿದ್ರು. ಒಳ್ಳೆಯವರೇ, ಏಪ್ರಿಲ್ 14ಕ್ಕೆ ಕರೀದೆ ಇದ್ರೂ ಬಂದು ಹೂವು ಹಾಕೋರು. "ಕೇರಿ ಮಕ್ಕಳಿಗೆ ಏನೋ ಕೋಡಿಂಗ್ ಕ್ಲಾಸ್ ಮಾಡ್ತಿದ್ದೀರಂತೆ?" ಅಂದ್ರು. ಹೌದು ಅಂದೆ. "ಅದೆಲ್ಲ ಯಾಕೆ ಸಾರ್. ವೈರಿಂಗ್ ಕಲಿಸಿ, ಟೈಲರಿಂಗ್ ಕಲಿಸಿ, ಮೊಬೈಲ್ ರಿಪೇರಿ ಕಲಿಸಿ. ಹೊಟ್ಟೆ ಬಟ್ಟೆಗೆ ಆಯ್ತದೆ. ಇವ್ರಿಗೆ ಅಷ್ಟು ಸಾಕು."

ಬೈಯೋಕೆ ಹೇಳಿದ ಮಾತಲ್ಲ ಅದು. ಅದಕ್ಕೇ ಮನಸ್ಸಿಂದ ಹೋಗ್ಲಿಲ್ಲ. ನನ್ನ ತಮ್ಮನೇ ವೈರ್‌ಮನ್. ಆ ಕೆಲಸ ಕೀಳು ಅಂತ ನಾನು ಯಾವತ್ತೂ ಅನ್ನಲ್ಲ. ನನ್ನನ್ನ ಚುಚ್ಚಿದ್ದು ಆ ‘ಅಷ್ಟು ಸಾಕು’. ಎಷ್ಟು ಸಾಕು ಅಂತ ಅಳೆಯೋ ಸೇರು ಯಾರ ಕೈಲಿದೆ? ನಾನು ಓದಿದ್ದು ಇತಿಹಾಸದ ಎಂ.ಎ. ಕೋಡಿಂಗ್ ನನಗೆ ಬರಲ್ಲ. ಅದನ್ನ ಹೇಳಿಕೊಡೋದು ನಮ್ಮೂರ ಕಡೆಯ ಹುಡುಗನೇ, ಬೆಂಗಳೂರಲ್ಲಿ ಕೆಲಸ, ಶನಿವಾರ ರಾತ್ರಿ ಬಸ್ ಹತ್ತಿ ಬರ್ತಾನೆ. ನನ್ನ ಕೆಲಸ ಅಂಬೇಡ್ಕರ್ ಭವನದ ಬೀಗ ತೆಗೆಯೋದು, ಕರೆಂಟ್ ಹೋದ್ರೆ ಲೈನ್‌ಮನ್‌ಗೆ ಫೋನ್ ಮಾಡೋದು, ಮಕ್ಕಳ ಮನೇವ್ರನ್ನ ಒಪ್ಪಿಸೋದು. ಆದ್ರೆ ಈ ‘ಅಷ್ಟು ಸಾಕು’ಗೆ ನೂರು ವರ್ಷದ ಚರಿತ್ರೆ ಇದೆ. ಅದನ್ನ ಹೇಳೋದು ನನಗೆ ಬರುತ್ತೆ.

ನಮ್ಮ ಹಳೇ ಮೈಸೂರು ಸೀಮೆಯಿಂದಲೇ ಶುರು ಮಾಡೋಣ. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆ. ಮಹಾರಾಜರ ಸಂಸ್ಥಾನ ಶಾಲೆಗಳನ್ನ ತೆರೀತು, 1913ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆಯನ್ನೂ ತಂತು. ಆದ್ರೆ ಊರ ಶಾಲೆ ಊರೊಳಗೆ, ನಾವು ಕೇರೀಲಿ. ನಮಗೆ ಅಂತ ಬೇರೆ ‘ಪಂಚಮ ಶಾಲೆ’ ಇತ್ತು. ಅಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸದಂಥ ಕಸುಬು. ಕಲಿಸಿದವರಲ್ಲಿ ಎಷ್ಟೋ ಮಂದಿ ಮಹಾನುಭಾವರು, ತಮ್ಮ ಜಾತಿಯವರಿಂದಲೇ ಮಾತು ಕೇಳಿ ನಮ್ಮ ಮಕ್ಕಳನ್ನ ಮುಟ್ಟಿ ಕಲಿಸಿದವರು. ಅವರಿಗೆ ನಾವು ಋಣಿ. ಅದನ್ನ ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳ್ತೀನಿ. ಅದೇ ವರ್ಷಗಳಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷು, ಕಾನೂನು, ತರ್ಕಶಾಸ್ತ್ರಕ್ಕೆ ದಾರಿ ಹಿಡಿದಿದ್ದ ಹುಡುಗರಿಗೆ ಮಗ್ಗ ಕೊಟ್ಟು ‘ಹೊಟ್ಟೆಪಾಡಿಗೆ ಆಯ್ತದೆ’ ಅಂದವರು ಇದ್ರಾ?

1910ರ ದಶಕದಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ನಮಗೂ ತೆರೀಬೇಕು ಅನ್ನೋ ಆದೇಶ ಬಂತು. ವಿದ್ಯಾ ಇಲಾಖೆಯಲ್ಲಿ ಸಿ.ಆರ್. ರೆಡ್ಡಿಯಂಥವರು ಇದ್ದ ಕಾಲ. ಆದೇಶ ಕಾಗದದ ಮೇಲೆ ಬಂದಷ್ಟು ಸಲೀಸಾಗಿ ಶಾಲೆ ಜಗಲಿ ಮೇಲೆ ಬರ್ಲಿಲ್ಲ. ನಮ್ಮ ಮಗು ಒಳಗೆ ಬಂದ್ರೆ ಊರ ಮಕ್ಕಳು ಆಚೆಗೆ ಹೋಗೋ ಪರಿಸ್ಥಿತಿ. 1918ರಲ್ಲಿ ನಾಲ್ವಡಿಯವರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ್ರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡೋ ವಿಚಾರ. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ದೇಶ ಕೈ ಮುಗಿಯೋ ಇಂಜಿನಿಯರು. ಹೀಗೆ ಪಾಲು ಕೊಟ್ರೆ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋದು ಅವರ ಆತಂಕ. ಅವರು ದಿವಾನಗಿರಿ ಬಿಡೋಕೆ ಇದೂ ಒಂದು ಕಾರಣ ಅಂತ ಚರಿತ್ರೆ ಬರೆದವರು ಹೇಳ್ತಾರೆ. ಆ ‘ದಕ್ಷತೆ’ಯೇ ಮುಂದೆ ‘ಮೆರಿಟ್’ ಅನ್ನೋ ಹೆಸರಲ್ಲಿ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಬಂತು. ಇನ್ನೊಂದು ಮಾತನ್ನೂ ಹೇಳಿಬಿಡ್ತೀನಿ, ಕೆಲವರಿಗೆ ಬೇಜಾರಾಗಬಹುದು: ಮಿಲ್ಲರ್ ವರದಿಯ ಲಾಭವನ್ನ ಮೊದಲು ಉಂಡವರು ಭೂಮಿ ಇದ್ದ ಜಾತಿಗಳು. ಕೇರಿಗೆ ಬಂದದ್ದು ಕೊನೇ ಪಂಕ್ತಿಯ ಊಟ.

ಹಾಗಾದ್ರೆ ನಮ್ಮೋರು ಓದಿದ್ದು ಹೇಗೆ? ಶಾಲೆಯ ಆದೇಶ ಅರ್ಧ ಕೆಲಸ ಮಾಡ್ತು. ಇನ್ನರ್ಧ ಮಾಡಿದ್ದು ಹಾಸ್ಟೆಲ್ಲು. ಇದನ್ನ ನಮ್ಮ ಚಳವಳಿಯಲ್ಲೇ ನಾವು ಸಾಕಷ್ಟು ಹೇಳಿಲ್ಲ ಅನ್ಸುತ್ತೆ. ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ನೆನಪಿರುತ್ತೆ. ಒಂದು ಚಾಪೆ, ಎರಡು ಹೊತ್ತು ಊಟ, ರಾತ್ರಿ ಉರಿಯೋ ಒಂದು ಬಲ್ಬು. ಇಷ್ಟು ಸಿಕ್ಕಿದ್ದಕ್ಕೆ ಒಬ್ಬ ಕವಿ ಬಂದ, ಒಂದು ಚಳವಳಿಗೆ ದನಿ ಬಂತು. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಗೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಅವರೇ ವೈಸರಾಯ್ ಮಂಡಳಿಯಲ್ಲಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ಪ್ರತಿಭೆ ಎಷ್ಟೇ ಇರ್ಲಿ, ಉಣ್ಣೋಕೆ ಮಲಗೋಕೆ ಜಾಗ ಇಲ್ದೆ ಓದು ನಿಲ್ಲಲ್ಲ ಅನ್ನೋದು ಅವರಿಗೆ ಸ್ವಂತ ಮೈ ಮೇಲೆ ಗೊತ್ತಿದ್ದ ಸತ್ಯ. ನಮ್ಮ ಚಾಮರಾಜನಗರದ ಆಲೂರಿನ ಬಿ. ರಾಚಯ್ಯನವರು ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾಗಿ ಬೆಳೆದರಲ್ಲ, ಅವರನ್ನ ಅಪ್ಪಂದಿರು ತೋರಿಸಿ "ಓದ್ಲಾ, ಹಂಗಾಯ್ತೀಯ" ಅಂತಿದ್ದದ್ದು ನನ್ನ ಕಿವೀಲೇ ಇದೆ.

ಈಗ ಮೆಷಿನ್ನಿನ ಕಾಲಕ್ಕೆ ಬರ್ತೀನಿ. ನಮ್ಮೋರ ಕೈಗೆ ಸಿಕ್ಕ ಮೊದಲ ಕೀಬೋರ್ಡ್ ಕಂಪ್ಯೂಟರಿನದಲ್ಲ, ಟೈಪ್‌ರೈಟರಿನದು. 1963ರಲ್ಲಿ ರಾಜ್ಯಭಾಷಾ ಕಾಯ್ದೆ ಬಂತು, ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಬಲ್ಲವರು ಬೇಕಾದ್ರು. ಮೀಸಲಾತಿ ಇತ್ತು, ಜೂನಿಯರ್ ಸೀನಿಯರ್ ಪರೀಕ್ಷೆ ಇತ್ತು. ಪೇಟೆ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಆರಕ್ಕೇ ಟಕಟಕ ಸದ್ದು. ನಮ್ಮ ಚಿಕ್ಕಪ್ಪ ತೆರಕಣಾಂಬಿ ಕಡೆಯಿಂದ ಸೈಕಲ್ ತುಳ್ಕೊಂಡು ಬಂದು ಕಲಿತವರು. ಮನೇಲಿ ಮೆಷಿನ್ ಇಲ್ಲ. ರಟ್ಟಿನ ಮೇಲೆ ಇದ್ದಿಲಲ್ಲಿ ಅಕ್ಷರ ಬರ್ಕೊಂಡು, ಅದರ ಮೇಲೆ ಬೆರಳು ಆಡಿಸ್ತಿದ್ರಂತೆ. ಎರಡನೇ ದರ್ಜೆ ಗುಮಾಸ್ತರಾದ್ರು. ನಮ್ಮ ಇಡೀ ವಂಶದಲ್ಲಿ ತಿಂಗಳ ಸಂಬಳ ನೋಡಿದ ಮೊದಲ ಮನುಷ್ಯ ಅವರು. ನಾನು ಎಂ.ಎ. ಮಾಡಿದ್ದು ಆ ಸಂಬಳದಲ್ಲಿ.

ಗಮನಿಸಿ, ಅಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿಬಂದಿದ್ವು. ವಿದ್ಯೆ ಕೈಗೆಟುಕೋ ಹಾಗಿತ್ತು, ಅದು ಕನ್ನಡದಲ್ಲಿತ್ತು, ಕಲಿತ ಮೇಲೆ ಬಾಗಿಲು ತೆರೆಯೋ ಮೀಸಲಾತಿ ಇತ್ತು.

ಕಂಪ್ಯೂಟರ್ ಬಂದಾಗ ಈ ಮೂರೂ ಕಳಚಿ ಬಿದ್ವು. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂತು, 1991ರ ಆಚೆಗೆ ಬಂದವರನ್ನ ಎಣಿಸೋಕಾಗಲ್ಲ. ಎಲ್ಲಾ ಖಾಸಗಿ, ಮೀಸಲಾತಿಯ ಮಾತೇ ಇಲ್ಲ. ಭಾಷೆ ಇಂಗ್ಲಿಷು. ಫೀಸು ಸಾವಿರಗಳಲ್ಲಿ. ಅದೇ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕೆ.ಪಿ. ರಾಯರಂಥವರು ಕನ್ನಡದ ಕೀಲಿಮಣೆಗೆ ದುಡಿದ್ರು, ಆಮೇಲೆ ಬರಹ, ನುಡಿ ಬಂದ್ವು. ನಮ್ಮ ಹುಡುಗರಿಗೆ ಇದರಿಂದ ಸಿಕ್ಕಿದ್ದು ಡಿಟಿಪಿ ಕೆಲಸ. ಮದುವೆ ಕಾರ್ಡು, ಪಹಣಿ ಅರ್ಜಿ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಅಲ್ಲಿಗೆ ಮತ್ತೆ ಒಂದು ‘ಅಷ್ಟು ಸಾಕು’. ಮೆಷಿನ್ ಹೇಳಿದ್ದನ್ನ ಕುಟ್ಟೋದು ನಮಗೆ, ಮೆಷಿನ್‌ಗೆ ಹೇಳೋದು ಅವರಿಗೆ.

ಈ ಗೋಡೆ ಬರೀ ನಮ್ಮ ಅನುಮಾನ ಅಂತ ಕೆಲವರು ಅಂತಾರೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಒಂದು ಅಧ್ಯಯನ ಪ್ರಕಟಿಸಿದ್ರು. ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿಗಳನ್ನ ಕಳಿಸಿದ್ರು. ಹೆಸರು ಮಾತ್ರ ಬೇರೆ: ಕೆಲವು ಮೇಲ್ಜಾತಿಯ ಹೆಸರು, ಕೆಲವು ದಲಿತರದು, ಕೆಲವು ಮುಸ್ಲಿಮರದು. ದಲಿತ ಹೆಸರಿನ ಅರ್ಜಿಗೆ ಕರೆ ಬರೋ ಸಾಧ್ಯತೆ ಮೇಲ್ಜಾತಿ ಹೆಸರಿನ ಅರ್ಜಿಯ ಮೂರನೇ ಎರಡರಷ್ಟು ಮಾತ್ರ ಇತ್ತು. ಓದು ಅದೇ, ಅನುಭವ ಅದೇ. ಅದೇ ವರ್ಷ ಕರೋಲ್ ಉಪಾಧ್ಯ ಬೆಂಗಳೂರಿನ ಐಟಿ ಬಗ್ಗೆ ಬರೆದ ಅಧ್ಯಯನವೂ ಅಷ್ಟೇ. ಅಲ್ಲಿ ತುಂಬಿರೋದು ಬಹುಪಾಲು ಮೇಲ್ಜಾತಿಯ, ಪಟ್ಟಣದ, ಓದಿದ ಅಪ್ಪಂದಿರ ಮಕ್ಕಳು ಅಂತ ತೋರಿಸಿಕೊಡ್ತು. ಸಮುದ್ರ ದಾಟಿದ್ರೂ ಇದು ಬಿಡಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಸಿಸ್ಕೊ ಕಂಪನಿ ಮೇಲೆ ಜಾತಿ ತಾರತಮ್ಯದ ದಾವೆ ಹಾಕ್ತು, 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸ್ತು. ಕೋಡ್ ಬರೆಯೋ ಜಾಗದಲ್ಲಿ ಜಾತಿ ಇಲ್ಲ ಅನ್ನೋರು ಇದನ್ನ ಒಂದ್ಸಲ ಓದ್ಲಿ.

ಇದರ ನಡುವೆ ಒಂದು ಪ್ರಯೋಗ ನಡೀತು. ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. 2006ರ ಹೊತ್ತಿಗೆ ಖಾಸಗಿ ರಂಗದಲ್ಲಿ ಮೀಸಲಾತಿ ಬೇಕು ಅನ್ನೋ ಒತ್ತಾಯ ದೆಹಲಿವರೆಗೂ ಹೋಗಿತ್ತು. ಆ ಬಿಸಿಯಲ್ಲಿ ಇನ್ಫೋಸಿಸ್, ಬೆಂಗಳೂರಿನ ಐಐಐಟಿ ಜೊತೆ ಸೇರಿ, ಇಂಜಿನಿಯರಿಂಗ್ ಮುಗಿಸಿಯೂ ಕೆಲಸ ಸಿಗದ ಪರಿಶಿಷ್ಟ ಜಾತಿ, ಪಂಗಡದ ನೂರರ ಆಸುಪಾಸು ಪದವೀಧರರಿಗೆ ತಿಂಗಳುಗಟ್ಟಲೆ ತರಬೇತಿ ಕೊಡ್ತು. ಬಹುಪಾಲು ಮಂದಿಗೆ ಕೆಲಸ ಸಿಕ್ತು. ಯೋಚನೆ ಮಾಡಿ. ಈ ಮಕ್ಕಳನ್ನ ‘ಅನ್‌ಫಿಟ್’ ಅಂತ ಮಾರುಕಟ್ಟೆ ತಿರಸ್ಕರಿಸಿತ್ತು. ಕೆಲವೇ ತಿಂಗಳಲ್ಲಿ ಅವರೇ ಫಿಟ್ ಆದ್ರು. ತಲೆ ಬದಲಾಗಿತ್ತಾ? ಇಲ್ಲ. ಹೇಳಿಕೊಡೋರು ಸಿಕ್ರು, ಸಮಯ ಸಿಕ್ತು. ಪ್ರಯೋಗ ಗೆದ್ದ ಮೇಲೆ ಅದು ಜಿಲ್ಲೆ ಜಿಲ್ಲೆಗೆ ಹರಡಬೇಕಿತ್ತು. ನಮ್ಮ ಚಾಮರಾಜನಗರಕ್ಕೆ ಬರ್ಲಿಲ್ಲ. ಬರೋದಾದ್ರೂ ಹೇಗೆ, ಈ ಊರಿಗೆ ಕಾಲಿಟ್ರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಹೆದರಿ ವರ್ಷಗಟ್ಟಲೆ ಬರ್ತಿರಲಿಲ್ಲವಲ್ಲ! (ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ಮೂಢನಂಬಿಕೆಗೆ ಮಂಗಳ ಹಾಡಿದ್ರು ಅನ್ನಿ.)

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಪ್ರಯತ್ನವೂ ಆಯ್ತು. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆ ಹತ್ರ ಒಂದು ಸ್ಲಮ್ಮಿನಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ‘ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್’ ಕಟ್ಟಿದ್ರು. ದಾನಕ್ಕೆ ಬಂದ ಕಂಪ್ಯೂಟರು, ದುಡ್ಡು ಕೊಡಬೇಕಿಲ್ಲದ ಲಿನಕ್ಸು, ಜಿಂಪಿನಲ್ಲಿ ಚಿತ್ರ ಬರೆಯೋ ಸ್ಲಮ್ಮಿನ ಮಕ್ಕಳು. ನಾವು ನಮ್ಮ ಕ್ಲಾಸಿನಲ್ಲಿ ಲಿನಕ್ಸ್ ಹಾಕಿರೋದಕ್ಕೆ ಅದೇ ಪ್ರೇರಣೆ. ಅಂಬೇಡ್ಕರ್ ಹೆಸರನ್ನ ಕಂಪ್ಯೂಟರ್ ಮೇಲೆ ಬರೆಯೋಕೆ ಯಾರಾದ್ರೂ ಧೈರ್ಯ ಮಾಡಿದ್ರಲ್ಲ ಅಂತ ಆಗ ಖುಷಿಯಾಗಿತ್ತು.

ನಮ್ಮ ಜಿಲ್ಲೆ 1997ರಲ್ಲಿ ಮೈಸೂರಿಂದ ಬೇರೆಯಾಯ್ತು. 2011ರ ಜನಗಣತಿಯಲ್ಲಿ ಇಲ್ಲಿನ ಅಕ್ಷರಸ್ಥರು ಶೇ. 61ರ ಆಸುಪಾಸು, ಆಗ ರಾಜ್ಯದ ಸರಾಸರಿ ಶೇ. 75. ಜಿಲ್ಲೆಯ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. 2007ರಲ್ಲಿ ಚಾಮರಾಜನಗರಕ್ಕೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು, ಅದು ದೊಡ್ಡದೇ. ಆದ್ರೆ ನಮ್ಮ ಕ್ಲಾಸಿಗೆ ಬರೋರು ಆ ಬಾಗಿಲು ತಟ್ಟೋಕೂ ಆಗದೆ ಹೋದವರು. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರು, ಬಿ.ಎ. ಮಾಡಿ ಹೂವಿನ ಹೊಲಕ್ಕೆ ಹೋಗ್ತಿರೋರು, ಐಟಿಐ ಬಿಟ್ಟವರು. ವಯಸ್ಸು 18ರಿಂದ 26.

ಈಗ ಒಂದು ದೂರದ ಲೆಕ್ಕ. ಗುಂಡ್ಲುಪೇಟೆಯಿಂದಾಗ್ಲಿ ಚಾಮರಾಜನಗರದಿಂದಾಗ್ಲಿ ಮೈಸೂರು 60 ಕಿ.ಮೀ. ಆಸುಪಾಸು. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ಸಿನ ತರಬೇತಿ ಕೇಂದ್ರ ಇದೆ, ಒಂದೇ ಸಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಕಲಿಯೋವಷ್ಟು ದೊಡ್ಡದು. ದೇಶದ ಮೂಲೆ ಮೂಲೆಯಿಂದ ಇಂಜಿನಿಯರಿಂಗ್ ಮುಗಿಸಿದವರು ಅಲ್ಲಿಗೆ ಬಂದು ತಿಂಗಳುಗಟ್ಟಲೆ ಕೋಡಿಂಗ್ ಕಲೀತಾರೆ. ರೂಮು ಇದೆ, ಊಟದ ವ್ಯವಸ್ಥೆ ಇದೆ, ಕೈಗೆ ಸಂಬಳವೂ ಇದೆ. ಅಂದ್ರೆ ಏನರ್ಥ? ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಹುಡುಗನೂ ಸೂರು, ಊಟ, ಪುರುಸೊತ್ತು ಇದ್ರೇನೇ ಕೋಡಿಂಗ್ ಕಲಿಯೋಕಾಗೋದು ಅನ್ನೋದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೆ ‘ಟ್ರೈನಿಂಗ್’ ಅಂತ ಗೌರವದ ಹೆಸರು. ಅದನ್ನೇ ನಮ್ಮ ಮಕ್ಕಳಿಗೆ ಸರ್ಕಾರ ಕೊಟ್ರೆ ‘ಬಿಟ್ಟಿ ಭಾಗ್ಯ’.

ನಮ್ಮ ಕ್ಲಾಸಿನಲ್ಲಿ ಹುಡುಗರು ಬಿಟ್ಟು ಹೋಗಿರೋದಕ್ಕೆ ಪೈಥಾನ್ ಕಷ್ಟ ಅನ್ನೋದು ಒಂದೇ ಒಂದು ಸಲವೂ ಕಾರಣವಾಗಿಲ್ಲ. ಹಾಸ್ಟೆಲ್ ಹುಡುಗಿಯರು ಕತ್ತಲಾಗೋದರೊಳಗೆ ವಾಪಸ್ ಹೋಗ್ಬೇಕು, ನಮ್ಮ ಪಾಠ ಶುರುವಾಗೋದೇ ಸಂಜೆ. ಹಳ್ಳಿಗೆ ಕೊನೇ ಬಸ್ಸು ಬೇಗ. ಗುಂಡ್ಲುಪೇಟೆಗೆ ರೈಲಿಲ್ಲ. ಚೆಂಡು ಹೂವಿನ ಕಾಲ ಬಂದ್ರೆ ಅರ್ಧ ಕ್ಲಾಸೇ ಖಾಲಿ. ಕೇರಳದಿಂದ ಜನ ಬಂದು ಆ ಹಳದಿ ಹೊಲದಲ್ಲಿ ಫೋಟೋ ತೆಗೆಸ್ಕೊಳ್ತಾರಲ್ಲ, ಆ ಫೋಟೋದ ಹಿಂದೆ ಬಗ್ಗಿ ಹೂ ಕೀಳ್ತಿರೋರು ನಮ್ಮ ವಿದ್ಯಾರ್ಥಿಗಳು, ಅವರ ಅವ್ವಂದಿರು. ಒಬ್ಬ ಹುಡುಗ ನೇರವಾಗಿ ಹೇಳ್ದ: "ಅಣ್ಣ, ಭಾನುವಾರ ಕ್ಲಾಸಿಗ ಬಂದ್ರ ಒಂದ್ ದಿನದ ಕೂಲಿ ಹೋಯ್ತದ. ಮನೇಲಿ ಏನಂತ ಹೇಳ್ಲಿ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅವ್ನು ಮೂರು ವಾರ ಬರ್ಲಿಲ್ಲ, ಆಮೇಲೆ ಬರೋದೇ ಬಿಟ್ಟ. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು ಅವ್ನೇ.

ಭಾಷೆಯ ಕಷ್ಟ ನಿಜವಾಗ್ಲೂ ಇದೆ. ಆದ್ರೆ ಅದು ನಾವು ಹೆದರಿದಷ್ಟು ದೊಡ್ಡದಲ್ಲ. ‘ಇಫ್’, ‘ಎಲ್ಸ್’ ಅಂದಾಗ ಮುಖ ನೋಡ್ತಾ ಕೂತಿದ್ದವರು, "ಮಳೆ ಬಂದ್ರ ಮನೇಲಿರು, ಇಲ್ದಿದ್ರ ಹೊಲಕ್ ಹೋಗು, ಇಷ್ಟೆ ಕಣ್ರೋ" ಅಂದ ತಕ್ಷಣ ನಕ್ರು. ‘ಲೂಪ್’ ಅಂದ್ರೆ ಸಾಲು ಮುಗಿಯೋ ತನಕ ಹೂ ಕೀಳೋದು. ‘ವೇರಿಯಬಲ್’ ಅಂದ್ರೆ ಹೆಸರು ಬರೆದಿಟ್ಟ ಡಬ್ಬ. ತೊಂದರೆ ಬರೋದು ತಪ್ಪಾದಾಗ. ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಬಂದ ತಕ್ಷಣ ನಮ್ಮ ಮಕ್ಕಳು ಕೈ ಹಿಂದಕ್ಕೆ ತಗೋತಾರೆ, ಬೈಸ್ಕೊಂಡೋರ ಥರ. ಆ ಭಯ ಇವತ್ತಿಂದಲ್ಲ. ಅದು ತಪ್ಪು ತೋರಿಸ್ತಿದೆ, ಬೈತಿಲ್ಲ ಅಂತ ಅರ್ಥ ಮಾಡಿಸೋಕೆ ಎರಡು ತಿಂಗಳು ಬೇಕಾಯ್ತು.

ದುಡ್ಡಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2013ರಲ್ಲಿ ನಮ್ಮ ರಾಜ್ಯ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಮಾಡ್ತು. ಜನಸಂಖ್ಯೆಗೆ ತಕ್ಕ ಪಾಲು, ಅಂದ್ರೆ ಶೇ. 24.1, ನಮಗೇ ಖರ್ಚಾಗಬೇಕು. ಅದರೊಳಗೇ 7ಡಿ ಅನ್ನೋ ಕಿಂಡಿ ಇಟ್ಟು, ರಸ್ತೆ ಸೇತುವೆಗೂ ಅದೇ ದುಡ್ಡು ಹರಿಸಿದ್ರು. ಹೋರಾಟ ಮಾಡಿ 2023ರಲ್ಲಿ ಆ ಕಿಂಡಿ ಮುಚ್ಚಿಸಿದ್ದಾಯ್ತು. ಈಗ ಅದೇ ಹಣ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಗ್ತಿದೆ ಅನ್ನೋ ಜಗಳ. ಗ್ಯಾರಂಟಿ ಬೇಡ ಅಂತಲ್ಲ, ನಮ್ಮ ಅವ್ವಂದಿರೂ ಬಸ್ಸಿನಲ್ಲಿ ಓಡಾಡ್ತಾರೆ. ಆದ್ರೆ ಎಲ್ಲರಿಗೂ ಕೊಡೋದನ್ನ ನಮ್ಮ ಗಂಟಿಂದ ಯಾಕೆ ಕೊಡ್ತೀರಿ? ಪ್ರತಿ ತಾಲ್ಲೂಕಿಗೆ ಒಂದು ವಸತಿ ಸಹಿತ ಕೋಡಿಂಗ್ ಶಾಲೆ, ಒಂದು ವರ್ಷ, ಊಟ, ಕೂಲಿ ನಷ್ಟ ತುಂಬೋವಷ್ಟು ಸ್ಟೈಪೆಂಡು. ಇದನ್ನ ಆ ಹಣದಲ್ಲಿ ಮಾಡೋಕೆ ಕಾನೂನಿನ ಅಡ್ಡಿ ಏನಿದೆ? ನಮ್ಮ ಸಂಘಟನೆಗಳ ಮುಂದಿನ ಮನವಿ ಪತ್ರದಲ್ಲಿ ಭವನ, ಪ್ರತಿಮೆ, ಸ್ಮಶಾನದ ಜೊತೆಗೆ ಇದೂ ಒಂದು ಸಾಲು ಇರ್ಲಿ ಅಂತ ಕೇಳ್ತೀನಿ.

ಹೂವಿನ ಕೂಲಿಗೆ ಹೋಗೋ ಒಬ್ಬ ಅಕ್ಕನ ಮಗಳು ನಮ್ಮ ಕ್ಲಾಸಿನಲ್ಲಿದ್ದಾಳೆ, ಬಿ.ಎ. ಮುಗಿಸಿದ ಹುಡುಗಿ. ಮೊನ್ನೆ ಮೊದಲ ಸಲ ಯಾರ ಸಹಾಯವೂ ಇಲ್ದೆ ಒಂದು ಪ್ರೋಗ್ರಾಂ ಬರೆದ್ಲು, ಇಪ್ಪತ್ತೇ ಸಾಲು. ಅವ್ವ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಲ್ಲಿ ಗೀಟು ಹಾಕಿ ಇಟ್ಟಿದ್ದ ಕೆಲಸದ ದಿನಗಳನ್ನ ತುಂಬಿದ್ಲು. ಪೂರ್ತಿ ದಿನ, ಅರ್ಧ ದಿನ, ಈಸ್ಕೊಂಡ ಮುಂಗಡ, ಎಲ್ಲಾ. ಕೊನೇಲಿ ಬಂದ ಮೊತ್ತ, ಹೊಲದವರು ಕೊಟ್ಟಿದ್ದಕ್ಕಿಂತ ನಾಲ್ಕೂವರೆ ದಿನದ ಕೂಲಿಯಷ್ಟು ಜಾಸ್ತಿ. ಅವಳು ಎರಡು ಸಲ ಓಡಿಸಿ ನೋಡಿದ್ಲು. ಅಷ್ಟೇ ಬಂತು. ಮಾರನೇ ದಿನ ಆ ಅಕ್ಕ ಫೋನ್ ತಗೊಂಡು ಹೊಲದವರ ಮನೆ ಬಾಗಿಲಿಗೆ ಹೋದ್ರು. ಮೂರು ದಿನದ್ದು ಸಿಕ್ತು, ಒಂದೂವರೆ ದಿನದ್ದು ಇನ್ನೂ ಬಾಕಿ.

"ಅದೇನ್ ಕಲ್ತಳೋ ನಂಗೊತ್ತಿಲ್ಲ ಕನಣ್ಣ, ಲೆಕ್ಕ ಮಾತ್ರ ಸರಿಯಾಗದ" ಅಂದ್ರು ನನ್ನ ಹತ್ರ.

ನಮ್ಮ ಹತ್ರ ಈಗ ಇರೋದು ಏಳು ಕಂಪ್ಯೂಟರ್, ಅದರಲ್ಲಿ ಐದು ಓಡ್ತವೆ. ಬರೋರು ಹತ್ತೊಂಬತ್ತು ಜನ. ಬೆಂಗಳೂರು, ಮೈಸೂರಿನ ಗೆಳೆಯರು ಲ್ಯಾಪ್‌ಟಾಪ್ ಕೊಡೋದಾದ್ರೆ ಇನ್‌ಬಾಕ್ಸಿಗೆ ಬನ್ನಿ. ಹಳೇದಾದ್ರೂ ಪರವಾಗಿಲ್ಲ, ಓಡ್ತಿರಬೇಕು. ಹೋದ ಸಲ ಒಬ್ರು ಕೀಬೋರ್ಡಲ್ಲಿ ಅರ್ಧ ಅಕ್ಷರ ಒತ್ತೋಕಾಗದ್ದನ್ನ ಕಳಿಸಿ, "ಕಲಿಯೋಕೆ ಇಷ್ಟು ಸಾಕಲ್ವಾ" ಅಂದ್ರು. ಅಂಥದ್ದು ಬೇಡ.

ಜೈಭೀಮ್.